ಐವತ್ತು ಸೈಕಲ್ಲಿನ ಕಟ್ಟು

ಮಣಿಪಾಲದ ಗುಡ್ಡೆ ಇಳಿದು ಪರ್ಕಳ, ಆತ್ರಾಡಿ ದಾಟಿದರೆ ಹಿರಿಯಡ್ಕ. ಊರಿಗೆ ಹೆಸರು ತಂದದ್ದು ವೀರಭದ್ರನ ದೇವಸ್ಥಾನ ಮತ್ತು ಗೋಪಾಲ ರಾಯರ ಮದ್ದಳೆ. ಇಲ್ಲಿನ ವರ್ಕ್‌ಶಾಪುಗಳ ಚರಿತ್ರೆಯನ್ನು ಬರೆಯಬೇಕೆಂದು ಯಾರಿಗೂ ತೋಚಿದಂತಿಲ್ಲ. ಅಕ್ಕಿ ಮಿಲ್ಲಿನ ಸವೆದ ಶಾಫ್ಟು, ಬಾವಿ ಪಂಪಿನ ಬುಷ್ಷು, ಟಿಲ್ಲರಿನ ಮುರಿದ ಹಲ್ಲು ಇವೆಲ್ಲ ಬಂದು ಸೇರುವುದು ಮಾರ್ಗದ ಬದಿಯ ಶೀಟಿನ ಮಾಡಿನ ಕೆಳಗಿರುವ ಲೇತಿನ ಎದುರಿಗೇ. ಅಂತಹ ಲೇತಿನ ಪಕ್ಕದ ಗೋಡೆಯಲ್ಲಿ ಈಗೀಗ ಟಿಫಿನ್ ಡಬ್ಬದಷ್ಟು ದೊಡ್ಡ ಪೆಟ್ಟಿಗೆಯೊಂದು ಕಾಣಿಸಿಕೊಳ್ಳುತ್ತಿದೆ. ಕೆಲಸದವರು ಅದನ್ನು ‘ಡ್ರೈವ್’ ಎನ್ನುತ್ತಾರೆ. ಅದು ಕೆಟ್ಟಿತೆಂದು ಬೈಯುವವರು ಬಹಳ. ಅದು ಯಾವ ಕಟ್ಟನ್ನು ಬಿಡಿಸಲು ಬಂದದ್ದೆಂದು ಯೋಚಿಸಿದವರು ಕಡಿಮೆ.

ಮೊದಲು ಆ ಕಟ್ಟಿನ ವಿಚಾರ. ವರ್ಕ್‌ಶಾಪಿನ ಸಾಮಾನ್ಯ ತ್ರೀ ಫೇಸ್ ಮೋಟಾರಿನ ಮೂಲತತ್ತ್ವದ ಪೇಟೆಂಟನ್ನು ಟೆಸ್ಲಾ ಪಡೆದದ್ದು 1888ರಲ್ಲಿ. ಅದಕ್ಕೆ ಬ್ರಷ್ಷಿಲ್ಲ, ಕಿಡಿಯಿಲ್ಲ. ಬೇರಿಂಗಿಗೆ ಗ್ರೀಸು ಹಾಕುತ್ತಿದ್ದರೆ ಒಂದು ತಲೆಮಾರು ದುಡಿಯುತ್ತದೆ. ಆದರೆ ಅದರ ವೇಗ ಅದರ ಕೈಯಲ್ಲಿಲ್ಲ. ಕರೆಂಟು ಸೆಕೆಂಡಿಗೆ 50 ಸಲ ತಿರುಗಿದರೆ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ 1500 ಸುತ್ತಿನ ಲೆಕ್ಕ ಹಿಡಿದು, ಸ್ವಲ್ಪ ಜಾರಿ, 1440ರ ಆಸುಪಾಸಿನಲ್ಲಿ ಓಡುತ್ತದೆ. ಯಜಮಾನ ಎಷ್ಟು ಗದರಿಸಿದರೂ ಅಷ್ಟೇ. ಆದ್ದರಿಂದಲೇ ಲೇತಿನಲ್ಲಿ ಮೆಟ್ಟಿಲು ಮೆಟ್ಟಿಲಾದ ರಾಟೆ ಉಳಿಯಿತು. ಬೆಲ್ಟನ್ನು ದೊಡ್ಡ ಮೆಟ್ಟಿಲಿನಿಂದ ಸಣ್ಣದಕ್ಕೆ ದಾಟಿಸುವುದೇ ವೇಗ ಬದಲಿಸುವ ದಾರಿಯಾಯಿತು.

ಆ 50 ಎಂಬ ಸಂಖ್ಯೆಯೂ ನಮ್ಮಲ್ಲಿ ಹುಟ್ಟಿದಾಗಲೇ ಬಂದದ್ದಲ್ಲ. ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ತಂತಿ ಎಳೆದು 1902ರ ಜೂನ್ 30ರಂದು ವಿದ್ಯುತ್ತು ಹರಿಸಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು, ಆವರ್ತನ 25 ಸೈಕಲ್ಲು. 50ರಲ್ಲಿ 1500 ಸುತ್ತು ತಿರುಗುವ ಮೋಟಾರಿಗೆ ಅಲ್ಲಿ 750ರ ಲೆಕ್ಕ. 1948ರಲ್ಲಿ ಜೋಗದ ವಿದ್ಯುತ್ತು ಬಂತು. ಅದು 50 ಸೈಕಲ್ಲಿನದು. ಕ್ರಮೇಣ ಮೈಸೂರೂ 25ನ್ನು ಬಿಟ್ಟು 50ಕ್ಕೆ ಹೊರಳಿತು. ನಮ್ಮ ಜಿಲ್ಲೆ 1956ರವರೆಗೆ ಮದರಾಸಿನ ಕಡೆಗಿತ್ತಾದ್ದರಿಂದ ಘಟ್ಟದ ಮೇಲಿನ ಈ ಅವಸ್ಥಾಂತರ ಇಲ್ಲಿನವರಿಗೆ ತಟ್ಟಲಿಲ್ಲ.

ಆಮೇಲೆಯೂ 50 ಎಂಬುದು ಹೆಸರಿಗೆ ಮಾತ್ರ ಎಂಬಂತಹ ಕಾಲ ಬಂತು. 1990ರ ದಶಕದ ಬೇಸಗೆಗಳಲ್ಲಿ ದಕ್ಷಿಣದ ಗ್ರಿಡ್ಡಿನ ಆವರ್ತನ 48ರತ್ತ ಜಾರುತ್ತಿತ್ತು. 48ಕ್ಕೆ ಇಳಿದರೆ ಎಲ್ಲ ಮೋಟಾರುಗಳೂ ನೂರಕ್ಕೆ ನಾಲ್ಕರಷ್ಟು ಸೋಮಾರಿಗಳಾಗುತ್ತವೆ. ಆವರ್ತನ ಇಳಿದಾಗ ಹೆಚ್ಚು ಎಳೆದವರಿಗೆ ಹೆಚ್ಚು ದರ ಹಾಕುವ ಪದ್ಧತಿ 2003ರ ಜನವರಿ 1ರಂದು ದಕ್ಷಿಣಕ್ಕೆ ಬಂದ ಮೇಲೆ ಶಿಸ್ತು ಬಂತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದೊಂದಿಗೆ ಸೇರಿತು. ಅಂದಿನಿಂದ ಹಿರಿಯಡ್ಕದ ಲೇತೂ ಪಂಜಾಬಿನ ಹಿಟ್ಟಿನ ಗಿರಣಿಯೂ ಒಂದೇ ತಾಳಕ್ಕೆ ತಿರುಗುತ್ತಿವೆ.

ತಾಳ ಒಂದೇ ಆದರೂ ಅದು ಪರರದ್ದೇ. ಡ್ರೈವ್ ಮಾಡಿದ್ದೇನೆಂದರೆ, ಹೊರಗಿನ ತಾಳವನ್ನು ಬಾಗಿಲಲ್ಲೇ ಅಳಿಸಿ ತನ್ನದನ್ನು ಹಾಕಿದ್ದು. ಮನೆಯ 230 ವೋಲ್ಟಿನ ಕರೆಂಟನ್ನು ಒಳಗೆ ಡಿ.ಸಿ. ಮಾಡಿ, ಸುಮಾರು 325 ವೋಲ್ಟಿನಲ್ಲಿ ಕಪಾಸಿಟರುಗಳಲ್ಲಿ ತುಂಬಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಬೇಕಾದ ಆವರ್ತನದ ತ್ರೀ ಫೇಸನ್ನು ಹೊಸದಾಗಿ ಹೆಣೆಯುತ್ತದೆ. ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪೆನಿ 1968ರಲ್ಲೇ ಇಂತಹ ಪೆಟ್ಟಿಗೆಗಳನ್ನು ಸಾಲಾಗಿ ತಯಾರಿಸತೊಡಗಿತ್ತು. ಆದರೆ ಅದು ಟಿಫಿನ್ ಡಬ್ಬದ ಗಾತ್ರಕ್ಕೂ ಬಡವನ ಬೆಲೆಗೂ ಇಳಿದದ್ದು ಐ.ಜಿ.ಬಿ.ಟಿ. ಎಂಬ ಸ್ವಿಚ್ಚಿನಿಂದ.

ಆ ಸ್ವಿಚ್ಚನ್ನು ಕಂಡುಹಿಡಿದವರ ಹೆಸರು ಬಂಟ್ವಾಳ ಜಯಂತ ಬಾಳಿಗಾ. ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಓದಿದ್ದು ಮದರಾಸಿನ ಐ.ಐ.ಟಿ.ಯಲ್ಲಿ, ಆದರೂ ಹೆಸರಿನ ಮುಂದೆ ನೇತ್ರಾವತಿಯ ದಂಡೆಯ ಊರು ಅಂಟಿಕೊಂಡೇ ಇದೆ. 1980ರ ದಶಕದ ಆರಂಭದಲ್ಲಿ ಅವರು ಈ ಕೆಲಸ ಮಾಡಿದ್ದು ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಪ್ರಯೋಗಾಲಯದಲ್ಲಿ. ಮೋಟಾರಿನ ವೇಗವನ್ನು ಅಗ್ಗವಾಗಿ ಹಿಡಿತಕ್ಕೆ ತರಬೇಕೆಂಬುದೇ ಕಂಪೆನಿಯ ಮುಖ್ಯ ಗರಜಾಗಿತ್ತು. ಶಿವನಸಮುದ್ರದಲ್ಲಿ 25 ಸೈಕಲ್ಲಿನ ಕಟ್ಟು ಹಾಕಿದ ಕಂಪೆನಿಯಲ್ಲೇ ಕಟ್ಟು ಬಿಚ್ಚುವ ಕೀಲಿಯನ್ನು ನಮ್ಮ ಕಡೆಯ ಹೆಸರಿನವರೊಬ್ಬರು ಮಾಡಿಕೊಟ್ಟರು! 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಮ್ ಟೆಕ್ನಾಲಜಿ ಪ್ರಶಸ್ತಿ ಬಂತು. ನಮ್ಮೂರಲ್ಲಿ ಅದಕ್ಕೆ ಒಂದು ಬ್ಯಾನರೂ ಏರಿದ್ದು ನನಗೆ ಕಾಣಲಿಲ್ಲ.

ಇನ್ನು ರಿಪೇರಿಯ ಮಾತು. ನಾನು ಕಂಡ ಒಂದು ಲೇತಿನ ಪ್ರಕರಣ ಹೇಳಿದರೆ ಸಾಕು. ಯಜಮಾನನ ಶೆಡ್ಡಿಗೆ ಇದ್ದದ್ದು ಸಿಂಗಲ್ ಫೇಸು. ಹಳೆಯ ಲೇತಿಗೆ ಎರಡು ಅಶ್ವಶಕ್ತಿಯ ತ್ರೀ ಫೇಸ್ ಮೋಟಾರು. ಸಾಲ ಮಾಡಿ ಸಿಂಗಲ್ ಫೇಸಿನ ಡ್ರೈವ್ ತಂದ. ಲೇತು ಖಾಲಿ ಓಡುವಾಗ ರಾಜಗಾಂಭೀರ್ಯ. ಟೂಲು ಕಬ್ಬಿಣಕ್ಕೆ ತಾಗಿದ ಕೂಡಲೇ ಕುಸಿದು, ಪೆಟ್ಟಿಗೆ ‘ಓವರ್ ಕರೆಂಟ್’ ಎಂದು ತೋರಿಸಿ ನಿಲ್ಲುವುದು. ಡ್ರೈವೇ ಹಾಳೆಂದು ಎಲ್ಲರ ತೀರ್ಮಾನ. ಒಪ್ಪಿಕೊಂಡ ಮಿಲ್ಲಿನ ಕೆಲಸ ಬಾಕಿ, ಕಂತು ಮಾತ್ರ ನಿಲ್ಲದು. ಗುಜರಿಗೆ ಕೊಟ್ಟು ಕೈತೊಳೆಯುತ್ತೇನೆ ಎನ್ನುವಲ್ಲಿಗೆ ಬಂದಿದ್ದ.

ಬಿಡಿಸಿದವನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಮೋಟಾರು ಸುತ್ತುವ ಮುದುಕ. ಅವನು ಡ್ರೈವಿನತ್ತ ನೋಡಲೇ ಇಲ್ಲ. ಮೋಟಾರಿನ ತಗಡನ್ನು ಒರೆಸಿ ಓದಿದ: 415 ವೋಲ್ಟು, ಸ್ಟಾರ್. ಸಣ್ಣ ಮೋಟಾರುಗಳಲ್ಲಿ ಹೀಗಿರುವುದೇ ಹೆಚ್ಚು. ಸ್ಟಾರಿನಲ್ಲಿ ಪ್ರತಿ ಸುತ್ತಿಗೆ ಸುಮಾರು 240 ವೋಲ್ಟು ಸಿಗಬೇಕು. ಈ ಡ್ರೈವ್ ಕೊಡುವುದೇ 230ರ ತ್ರೀ ಫೇಸು. ಸ್ಟಾರಿನಲ್ಲಿ ಸುತ್ತಿಗೆ ತಲಪುವುದು 133 ಮಾತ್ರ. ಬಲ ವೋಲ್ಟೇಜಿನ ವರ್ಗಕ್ಕೆ ಹೊಂದಿ ಇಳಿಯುವುದರಿಂದ ಉಳಿದದ್ದು ಮೂರನೆಯ ಒಂದು ಪಾಲು. ಡೆಲ್ಟಾ ಮಾಡಬೇಕು. ಆದರೆ ಹೊರಗೆ ಬಂದಿದ್ದ ತಂತಿಗಳು ಮೂರೇ. ಅವನು ಮುಚ್ಚಳ ಬಿಚ್ಚಿ, ವಾರ್ನಿಷ್ ಹಾಕಿದ ದಾರದ ಅಡಿಯಲ್ಲಿ ಸ್ಟಾರಿನ ಗಂಟು ಹುಡುಕಿ ತೆಗೆದು, ಆರು ತಂತಿಗಳನ್ನು ಹೊರಕ್ಕೆ ತಂದ. ಸ್ಟಾರ್–ಡೆಲ್ಟಾ ಸ್ಟಾರ್ಟರಿನ ಕಾಲದಲ್ಲಿ ಕಲಿತ ವಿದ್ಯೆ.

ಉಳಿದ ಕಾಟಗಳೂ ಹಳೆಯ ಬಾಬತ್ತಿನವೇ. ಲೇತಿನ ಹಿಂದೆ-ಮುಂದೆ ತಿರುಗಿಸುವ ಹಳೆಯ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟಾರಿನ ನಡುವೆಯೇ ಉಳಿಸಿಕೊಂಡಿದ್ದರು. ಓಡುತ್ತಿರುವಾಗ ಅದನ್ನು ತಿರುಗಿಸಿದರೆ ಡ್ರೈವ್ ಟ್ರಿಪ್ಪಾಗುತ್ತದೆ, ಕೆಲವೊಮ್ಮೆ ಸತ್ತೂ ಹೋಗುತ್ತದೆ. ಮೋಟಾರನ್ನು ನೇರ ಡ್ರೈವಿಗೆ ಕೊಟ್ಟು, ಸ್ವಿಚ್ಚಿನಿಂದ ಡ್ರೈವಿನ ಆಜ್ಞೆಯ ಕಾಲುಗಳಿಗೆ ಸಣ್ಣ ತಂತಿ ಎಳೆದದ್ದೇ ಪರಿಹಾರ. ಭಾರದ ಚಕ್ಕನ್ನು ಒಂದು ಸೆಕೆಂಡಿನಲ್ಲಿ ನಿಲ್ಲಿಸಹೋದರೆ ಮೋಟಾರು ತಾನೇ ಜನರೇಟರಾಗಿ ಕಪಾಸಿಟರಿಗೆ ಕರೆಂಟು ತಳ್ಳುತ್ತದೆ; ‘ಓವರ್ ವೋಲ್ಟೇಜ್’ ಬರುವುದು ಆಗ. ನಿಲ್ಲುವ ಹೊತ್ತನ್ನು ಹೆಚ್ಚಿಸಬೇಕು, ಅವಸರವಿದ್ದರೆ ಬ್ರೇಕಿನ ರೆಸಿಸ್ಟರು ಹಾಕಬೇಕು. 10 ಸೈಕಲ್ಲಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಮೋಟಾರು ಬಿಸಿಯಾಗುತ್ತದೆ, ಏಕೆಂದರೆ ಅದರ ಫ್ಯಾನೂ ಅದೇ ಶಾಫ್ಟಿನ ಮೇಲೆ ನಿಧಾನ ತಿರುಗುತ್ತಿರುತ್ತದೆ. ಡ್ರೈವ್ ಬಂತೆಂದು ಮೆಟ್ಟಿಲು ರಾಟೆಯನ್ನು ಕಿತ್ತೆಸೆದವರಿಗೆ ದಪ್ಪ ತುಂಡು ಕತ್ತರಿಸುವಾಗ ಅದರ ಬೆಲೆ ತಿಳಿಯುತ್ತದೆ. ಬೆಲ್ಟು ಕೊಡುವ ಬಲವನ್ನು ಪೆಟ್ಟಿಗೆ ಕೊಡಲಾರದು.

ನಮ್ಮ ಮಳೆಗಾಲದ ಪಾಲೂ ಇದೆ. ಆಟಿಯ ತೇವ, ಕಬ್ಬಿಣದ ಹುಡಿ, ಬೆಚ್ಚಗಿನ ಮೂಲೆ ಹುಡುಕಿ ಬರುವ ಹಲ್ಲಿ. ಒಳಗೆ ನೋಡಹೊರಡುವವರು ಕರೆಂಟು ತೆಗೆದು ಕನಿಷ್ಠ ಐದು ನಿಮಿಷ ಕಾದು, ಮೀಟರಿಟ್ಟು ಅಳೆದೇ ಕೈಹಾಕಬೇಕು. ಕಪಾಸಿಟರಿನಲ್ಲಿ ಉಳಿದದ್ದು ಆಳನ್ನು ಕೊಲ್ಲಲು ಸಾಕು. ಮೋಟಾರಿನ ಇನ್ಸುಲೇಷನ್ನಿಗೆ ಮೆಗ್ಗರ್ ಹಿಡಿಯುವುದಾದರೆ ಡ್ರೈವಿನ ತಂತಿಗಳನ್ನು ಮೊದಲು ಬಿಚ್ಚಬೇಕು, ಇಲ್ಲವಾದರೆ ಪರೀಕ್ಷೆಯೇ ಅದನ್ನು ಸುಡುತ್ತದೆ.

ಆ ಮುದುಕ ಮೋಟಾರಿನ ಟರ್ಮಿನಲ್ ಮುಚ್ಚಳದ ಒಳಮೈಯಲ್ಲಿ ಕೆಂಪು ಬಣ್ಣದಿಂದ ‘ಡೆಲ್ಟಾ, 230 ಮಾತ್ರ’ ಎಂದು ಬರೆದಿಟ್ಟು ಹೋದ. ನಾಳೆ ಶೆಡ್ಡಿಗೆ ತ್ರೀ ಫೇಸು ಬಂದು, ಯಾರಾದರೂ ಡ್ರೈವನ್ನು ತಪ್ಪಿಸಿ ನೇರ 415 ಕೊಟ್ಟರೆ ಸುತ್ತು ಬೂದಿಯಾಗುತ್ತದೆ. ಆ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ ಎಂದು ಅವನ ಲೆಕ್ಕ.