ಪದ ಪರಿಚಯ: ಸ್ಟೆಬಿಲೈಸರ್

ಸ್ಟೆಬಿಲೈಸರ್ ಎಂದರೆ ನಮಗೆ ನೆನಪಾಗುವುದು ಫ್ರಿಜ್ಜಿನ ಪಕ್ಕದ ಗೋಡೆಯ ಮೇಲಿರುವ ಡಬ್ಬಿ. ನೆಲದಾಳದ ಬಂಡೆ ಕೊರೆಯುವವರಿಗೆ ಅದೇ ಹೆಸರಿನ ಬೇರೊಂದು ಸಾಧನವಿದೆ. ಪದದ ಮೂಲ ಲ್ಯಾಟಿನ್ನಿನ ‘ಸ್ತಾಬಿಲಿಸ್’. ಅದರ ಹಿಂದಿರುವುದು ‘ನಿಲ್ಲು’ ಎಂಬ ಅರ್ಥದ ‘ಸ್ತಾರೆ’. ಸಂಸ್ಕೃತದ ‘ಸ್ಥಾ’ ಧಾತುವೂ ಅದೇ ಬೇರಿನದು. ಹಾಗಾಗಿ ಸ್ಥಿರ, ಸ್ಥಾನ, ಸ್ಥಾವರಗಳೆಲ್ಲ ಇದರ ದಾಯಾದಿಗಳು.

ಬಂಡೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಓರೆಯಾಗಿ ಮಲಗಿದ ಗಟ್ಟಿ, ಮೆದು ಪದರಗಳು ಎದುರಾದರೆ, ಕೊರೆಯುವ ತುದಿಯಾದ ಬಿಟ್ ದಾರಿ ತಪ್ಪುತ್ತದೆ. ಭಾರಕ್ಕೆ, ಬಿಟ್ಟನ್ನು ಹೊತ್ತ ಉದ್ದನೆಯ ಕೊಳವೆಯೂ ಬಾಗುತ್ತದೆ. ಬಿಟ್ಟಿನ ಮೇಲೆ ಕೂರಿಸುವ ಸ್ಟೆಬಿಲೈಸರಿನ ಉಬ್ಬುಪಟ್ಟಿಗಳು ರಂಧ್ರದ ಗೋಡೆಗೆ ತಾಗಿಕೊಂಡು ಕೊಳವೆಯನ್ನು ನಡುವೆ ಹಿಡಿದಿಡುತ್ತವೆ. ಪಟ್ಟಿಗಳ ನಡುವಿನ ಸಂದುಗಳಲ್ಲಿ ಕಲ್ಲಿನ ಪುಡಿ ಮೇಲೇರುತ್ತದೆ.

ಬಿಟ್ಟನ್ನೇ ಸ್ಥಿರಗೊಳಿಸುವ ಕಥೆ ಇನ್ನೂ ಸ್ವಾರಸ್ಯಕರ. 1989ರಲ್ಲಿ ಅಮೆರಿಕದ ಅಮೋಕೋ ಕಂಪನಿಯ ಸಂಶೋಧಕರು, ಕೃತಕ ವಜ್ರದ ಹಲ್ಲುಗಳ ಬಿಟ್‌ಗಳು ತಮ್ಮ ನಡುಬಿಂದು ಬಿಟ್ಟು ಗಿರಕಿ ಹೊಡೆಯುವುದರಿಂದಲೇ ಹಲ್ಲು ಮುರಿದುಕೊಳ್ಳುತ್ತವೆ ಎಂದು ವಿವರಿಸಿದರು. ಅದಕ್ಕೆ ಕಂಡುಕೊಂಡ ಪರಿಹಾರ ಹೀಗಿದೆ: ಹಲ್ಲುಗಳ ಒಟ್ಟು ತಳ್ಳುಬಲ ಒಂದೇ ಬದಿಗೆ ಬೀಳುವಂತೆ ಜೋಡಿಸಿ, ಆ ಬದಿಯಲ್ಲಿ ಹಲ್ಲಿಲ್ಲದ ನುಣುಪು ಪಟ್ಟಿ ಇಡುವುದು. ಬಿಟ್ ಗೋಡೆಗೆ ಒರಗಿಕೊಂಡೇ ತಿರುಗುತ್ತದೆ. ಸಮತೋಲವನ್ನು ಬೇಕೆಂದೇ ಕೆಡಿಸಿ ಸ್ಥಿರತೆ ಗಳಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆ.

ಸ್ಟೆಬಿಲೈಸರನ್ನು ಕನ್ನಡದಲ್ಲಿ ‘ಸ್ಥಿರಕಾರಿ’ ಎನ್ನಬಹುದು. ಆದರೆ ಆಹಾರಕ್ಕೆ ಬೆರೆಸುವ ರಾಸಾಯನಿಕಕ್ಕೂ ಆ ಹೆಸರು ಸಲ್ಲುತ್ತದೆ. ಕೊರೆಯುವ ಯಂತ್ರದ ವಿಷಯ ಬರೆಯುವಾಗ ಸ್ಟೆಬಿಲೈಸರ್ ಎಂದೇ ಉಳಿಸಿಕೊಳ್ಳುವುದು ಸ್ಪಷ್ಟ.