ಧಾರವಾಡದ ಶಾಲೆ ಬಾಗಿಲಲ್ಲಿ ನಿಂತ ಹುಡುಗ

ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ಮಾತಾಡಿದಾಗಲೆಲ್ಲ ನನಗೊಂದು ಪ್ರಶ್ನೆ ಬರುತ್ತೆ. "ಸಾರ್, ಅದು ಅವರ ದೇಶದ ಕತೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಿಗೆ ಅದರಿಂದ ಏನಾಗಬೇಕು?"

ಬಹಳ ಆಗಬೇಕಿದೆ, ವೀಕ್ಷಕರೇ. ಯಾಕಂದ್ರೆ ಆ ಕತೆಯ ಒಂದು ಅಧ್ಯಾಯ ನಮ್ಮಲ್ಲೇ ನಡೆದಿದೆ. ಈ ಮೂರೂ ಊರು 1997ರವರೆಗೆ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ. ಆ ಜಿಲ್ಲೆಯ ಮುಖ್ಯ ಊರಿನಲ್ಲಿ, 1856ರ ಜೂನ್ ತಿಂಗಳಲ್ಲಿ, ಒಬ್ಬ ಮಹಾರ್ ಹುಡುಗ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಆಗಲ್ಲ ಅಂದರು. ಅವನ ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು.

ಜುಲೈನಲ್ಲಿ ಬಂದ ಉತ್ತರ ನೋಡಿ. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಸರಕಾರ ಒಪ್ಪಿಕೊಂಡಿತು! ಆದರೆ ಕೇಳಿಕೊಂಡು ಬಂದವನು ಒಬ್ಬನೇ. ಅವನೊಬ್ಬನಿಗಾಗಿ ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟಾರು, ಶಾಲೆಯೇ ನಿಷ್ಪ್ರಯೋಜಕವಾದೀತು ಅಂದಿತು. ನ್ಯಾಯ ನಿನ್ನದು, ಬೆಂಚು ಅವರದು. ಇದು ಆ ಆದೇಶದ ತಾತ್ಪರ್ಯ.

ಕಲ್ಕತ್ತೆಯ ಗವರ್ನರ್ ಜನರಲ್ ಸರಕಾರ, ಮುಂಬಯಿ ಸರಕಾರ ಮಾಡಿದ್ದು ಬಹುಶಃ ಜಾಣತನವೇ ಇರಬಹುದು, ಆದರೆ ಬಂಗಾಳದ ಸರಕಾರಿ ಶಾಲೆಯಲ್ಲಾಗಿದ್ದರೆ ಆ ಹುಡುಗನಿಗೆ ಆಗಲ್ಲ ಅನ್ನುತ್ತಿರಲಿಲ್ಲ ಅಂದಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಸ್ಪಷ್ಟವಾಗಿ ಬರೆದರು. ತತ್ವ ಕಾಗದದ ಮೇಲೆ ಬಂತು. ಆದರೆ ತರಗತಿಯೊಳಗೆ ಬಂತೇ? 1882ರಲ್ಲಿ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೊಮ್ಮೆ ಹೇಳಬೇಕಾಯಿತು. ಜೊತೆಗೆ, ಬೇಕಾದ ಕಡೆ ಪ್ರತ್ಯೇಕ ಶಾಲೆ ತೆರೆಯಿರಿ ಅಂತಲೂ ಸೇರಿಸಿತು.

ಈಗ ಅಮೆರಿಕಕ್ಕೆ ಬನ್ನಿ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಣ್ಣದ ಆಧಾರದ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಅಂದಿತು. 1960ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ, ಮಾರ್ಷಲ್‌ಗಳ ಕಾವಲಿನಲ್ಲಿ ಬಿಳಿಯರ ಶಾಲೆಗೆ ಕಾಲಿಟ್ಟಳು. ಬಿಳಿಯ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮುಂಬಯಿ ಸರಕಾರ ಹೆದರಿದ್ದೇ ಅಲ್ಲಿ ನಡೆಯಿತು. ಒಬ್ಬ ಶಿಕ್ಷಕಿ ವರ್ಷಪೂರ್ತಿ ಅವಳೊಬ್ಬಳಿಗೇ ಪಾಠ ಮಾಡಿದರು. ಶಾಲೆಯೇನೂ ಮುಳುಗಲಿಲ್ಲ. ಮರುವರ್ಷ ತರಗತಿಯಲ್ಲಿ ಬೇರೆ ಮಕ್ಕಳೂ ಇದ್ದರು.

ನಮ್ಮ ಹುಡುಗನನ್ನು ಮರೆಯದೆ ಇದ್ದವರು ಡಾ. ಅಂಬೇಡ್ಕರ್. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನೇ ಮುಂದಿಟ್ಟರು. ಬರೀ ವಾದ ಮಾಡಿ ಸುಮ್ಮನಾಗಲಿಲ್ಲ. ಅವರು ಕಟ್ಟಿದ ಶಿಕ್ಷಣ ಸಂಸ್ಥೆ ನಡೆಸಿದ ಹಾಸ್ಟೆಲ್‌ಗಳಲ್ಲಿ ಒಂದು ಧಾರವಾಡದಲ್ಲೇ ಇತ್ತು. ನಾಯಕತ್ವ ಅಂದ್ರೆ ನನ್ನ ಪ್ರಕಾರ ಇದು. ಬಾಗಿಲು ತೆರೆಸೋದಷ್ಟೇ ಅಲ್ಲ, ಒಳಗೆ ಹೋದ ಮಗುವಿಗೆ ಊಟ, ಹಾಸಿಗೆ, ದೀಪ ಒದಗಿಸೋದು.

ಇವತ್ತು? ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಅಂದಿತು. ನಮ್ಮ ರಾಜ್ಯ 2019ರಲ್ಲಿ ನಿಯಮ ಬದಲಿಸಿ, ಹತ್ತಿರದಲ್ಲಿ ಸರಕಾರಿ ಶಾಲೆ ಇದ್ದರೆ ಈ ಹೊಣೆ ಇಲ್ಲ ಅಂದಿತು. ಸರಕಾರಿ ಶಾಲೆ ಉಳಿಸಬೇಕು ಅನ್ನೋ ಕಾರಣ ನನಗೆ ಅರ್ಥವಾಗುತ್ತೆ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಿಯ ಮಗಳು ಮತ್ತು ಅದೇ ಮೆಣಸಿನಕಾಯಿ ವ್ಯಾಪಾರಿಯ ಮಗಳು ಒಂದೇ ಬೆಂಚಿನಲ್ಲಿ ಯಾವಾಗ ಕೂರಬೇಕು? ಆ ಹುಡುಗ 1856ರಲ್ಲಿ ಕೇಳಿದ್ದೂ ಇದನ್ನೇ. ಉತ್ತರ ಕೊಡಬೇಕಾದವರು ಈಗ ಲಂಡನ್ನಿನಲ್ಲಿಲ್ಲ, ನಾವು ಓಟು ಹಾಕಿ ಕಳಿಸಿದವರೇ.