ಸಿ ಪ್ರೋಗ್ರಾಂ: ಕಂಪೈಲರ್ ಬದಲಾದರೆ ಉತ್ತರವೂ ಬದಲಾಗುವುದೇಕೆ?

ಕಾಲೇಜಿನ ಲ್ಯಾಬ್‌ನಲ್ಲಿ ಟರ್ಬೊ ಸಿ ಬಳಸಿ ಕಲಿತವರು ಕೆಲಸಕ್ಕೆ ಸೇರಿದ ಮೇಲೆ ಜಿಸಿಸಿ, ಕ್ಲ್ಯಾಂಗ್ ಅಥವಾ ವಿಷುಯಲ್ ಸಿ ಬಳಸಬೇಕಾಗುತ್ತದೆ. ಅದೇ ಪ್ರೋಗ್ರಾಂ ಅಲ್ಲಿ ಬೇರೆ ಉತ್ತರ ಕೊಟ್ಟರೆ ಮೊದಲು ಪರೀಕ್ಷಿಸಬೇಕಾದದ್ದು ಟೈಪ್ ಕನ್ವರ್ಷನ್. ಅಂದರೆ, ಒಂದು ಬಗೆಯ ಡೇಟಾ ಇನ್ನೊಂದು ಬಗೆಗೆ ಬದಲಾಗುವ ಕ್ರಿಯೆ.

ಇಂಟ್, ಲಾಂಗ್ ಗಾತ್ರ

ಟರ್ಬೊ ಸಿಯಲ್ಲಿ ಇಂಟ್ ಗಾತ್ರ 2 ಬೈಟ್, ಗರಿಷ್ಠ ಬೆಲೆ 32767. ಹಾಗಾಗಿ ಅಲ್ಲಿ 200 * 200 ಗುಣಿಸಿದರೆ -25536 ಬರುತ್ತದೆ. ಇಂಟ್ 4 ಬೈಟ್ ಇರುವ ಜಿಸಿಸಿಯಲ್ಲಿ 40000 ಎಂಬ ಸರಿಯುತ್ತರ ಸಿಗುತ್ತದೆ. ಉತ್ತರವನ್ನು ಲಾಂಗ್ ವೇರಿಯಬಲ್‌ನಲ್ಲಿ ಇಟ್ಟರೆ ಸಾಲದು, ಗುಣಾಕಾರ ಅಷ್ಟರಲ್ಲೇ ಇಂಟ್‌ನಲ್ಲಿ ಮುಗಿದಿರುತ್ತದೆ. ಗುಣಿಸುವ ಮೊದಲೇ ಒಂದು ಸಂಖ್ಯೆಯನ್ನು ಲಾಂಗ್‌ಗೆ ಕಾಸ್ಟ್ ಮಾಡಬೇಕು.

ಲಾಂಗ್ ಕೂಡ ಎಲ್ಲೆಡೆ ಒಂದೇ ಅಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್ ಮಾತ್ರ. ಪಾಯಿಂಟರನ್ನು ಲಾಂಗ್‌ನಲ್ಲಿ ಇಡುವ ಕೋಡ್ ವಿಂಡೋಸ್‌ನಲ್ಲಿ ಕೈಕೊಡುವುದು ಇದಕ್ಕೇ.

ಚಾರ್ ಸಮಸ್ಯೆ

ಇಂಟೆಲ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ಚಾರ್ ಸಾಮಾನ್ಯವಾಗಿ ಸೈನ್ಡ್, ಎಆರ್‌ಎಂ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. 'ಗೆಟ್‌ಚಾರ್' ಕೊಟ್ಟ ಬೆಲೆಯನ್ನು ಚಾರ್‌ನಲ್ಲಿ ಇಟ್ಟರೆ, ಫೈಲ್ ಮುಗಿದುದನ್ನು ಸೂಚಿಸುವ -1 ಎಆರ್‌ಎಂನಲ್ಲಿ 255 ಆಗುತ್ತದೆ. ಲೂಪ್ ನಿಲ್ಲುವುದೇ ಇಲ್ಲ. ಆ ವೇರಿಯಬಲ್ ಇಂಟ್ ಆಗಿರಲಿ.

ಕಂಪೈಲರ್ ತಪ್ಪಲ್ಲ

-1 ಅನ್ನು ಅನ್‌ಸೈನ್ಡ್ ಇಂಟ್ 1ರ ಜತೆ ಹೋಲಿಸಿದರೆ -1 ದೊಡ್ಡದು ಎಂಬ ಉತ್ತರ ಬರುತ್ತದೆ. ಇದು ಸಿ ಭಾಷೆಯ ನಿಯಮ. ಹೋಲಿಕೆಗೆ ಮೊದಲು -1 ಕೂಡ ಅನ್‌ಸೈನ್ಡ್ ಆಗಿ, 32 ಬಿಟ್ ಇಂಟ್ ಇದ್ದಲ್ಲಿ 4294967295 ಆಗಿರುತ್ತದೆ.

ಪರಿಹಾರವೇನು?

* ಸಿ99ರಲ್ಲಿ ಬಂದ 'ಎಸ್‌ಟಿಡಿಇಂಟ್' ಹೆಡರ್‌ನ ನಿಗದಿತ ಗಾತ್ರದ ಟೈಪ್‌ಗಳನ್ನು ಬಳಸಿ.
* ಜಿಸಿಸಿಯಲ್ಲಿ 'ಡಬ್ಲ್ಯೂ-ಆಲ್', 'ಡಬ್ಲ್ಯೂ-ಎಕ್ಸ್‌ಟ್ರಾ' ಜತೆಗೆ 'ಡಬ್ಲ್ಯೂ-ಕನ್ವರ್ಷನ್' ಕೂಡ ಹಾಕಿ. ಮೊದಲ ಎರಡರಲ್ಲಿ ಮೂರನೆಯದು ಸೇರಿಲ್ಲ. ವಿಷುಯಲ್ ಸಿಯಲ್ಲಿ 'ಡಬ್ಲ್ಯೂ4' ಆಯ್ಕೆ ಬಳಸಿ.
* ಎಚ್ಚರಿಕೆ ಅಳಿಸಲೆಂದೇ ಕಾಸ್ಟ್ ಹಾಕಬೇಡಿ. ಬೆಲೆ ಹೊಸ ಟೈಪ್‌ನಲ್ಲಿ ಹಿಡಿಯುತ್ತದೆಯೇ ಎಂದು ಮೊದಲು ಪರಿಶೀಲಿಸಿ.
* 2024ರ ಜಿಸಿಸಿ 14ರಿಂದ ಕಾಸ್ಟ್ ಇಲ್ಲದೆ ಇಂಟ್ ಮತ್ತು ಪಾಯಿಂಟರ್ ಬೆರೆಸಿದರೆ ಎಚ್ಚರಿಕೆಯಲ್ಲ, ಎರರ್ ಬರುತ್ತದೆ. ಹಳೆ ಕೋಡ್ ಕಂಪೈಲ್ ಆಗದಿದ್ದರೆ ಇದನ್ನೂ ನೋಡಿ.

ಇದು ಸಣ್ಣ ವಿಷಯವೆಂದು ಕಡೆಗಣಿಸುವಂತಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೇಲೇರಿದ ಸುಮಾರು 40 ಸೆಕೆಂಡಿನಲ್ಲೇ ನಾಶವಾಯಿತು. ಅದರ ಸಾಫ್ಟ್‌ವೇರ್ ಇದ್ದದ್ದು ಸಿಯಲ್ಲಲ್ಲ, ಏಡಾ ಭಾಷೆಯಲ್ಲಿ. ಆದರೆ ಕಾರಣ ಇದೇ ಜಾತಿಯದು: 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್‌ನಲ್ಲಿ ಹಿಡಿಯಲಿಲ್ಲ.